ಭೂಮಿಯನ್ನು ಮುಟ್ಟುವ ಮುನ್ನವೇ ಸೌರ ಮಾರುತವನ್ನು ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಶಾಲೆ, ಕಾಲೇಜುಗಳಿಗೆ ಸೂರ್ಯನನ್ನು ಗಮನಿಸಲು ಇಸ್ರೋ ಕಳುಹಿಸಿದ ಆದಿತ್ಯ-ಎಲ್1 ನೌಕೆಯ ಬಗ್ಗೆ ಮಾತನಾಡಲು ಹೋದಾಗ ಎದುರಾದ ಪ್ರಶ್ನೆಗಳನ್ನೂ ಆಮೇಲೆ ಪತ್ರಗಳಲ್ಲಿ ಬಂದವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ನಮ್ಮ ಭಾಗದ ಧಾಟಿಯನ್ನು ಗ್ರಾಂಥಿಕಕ್ಕೆ ತಿದ್ದಲು ಮನಸ್ಸಾಗಲಿಲ್ಲ. ಸುಲಭದವು ಮೊದಲಿಗಿವೆ, ತೊಡಕಿನವು ಕೊನೆಗಿವೆ. ಒಂದು ಉತ್ತರ ಇನ್ನೊಂದನ್ನು ನೆಚ್ಚಿಕೊಂಡಿಲ್ಲವಾದ್ದರಿಂದ ಬೇಕಾದಲ್ಲಿಂದ ಓದಬಹುದು.

## ಮೊದಲ ತಿಳಿವಳಿಕೆ

ಸೌರ ಮಾರುತ ಅಂದ್ರ ಖರೇನೇ ಗಾಳಿ ಏನ್ರಿ?

ನಾವು ಉಸಿರಾಡುವ ಗಾಳಿಯಂತೂ ಅಲ್ಲ. ಸೂರ್ಯನ ಹೊರ ವಾತಾವರಣವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿ ಕಾದಿರುವುದರಿಂದ ಸೂರ್ಯನ ಗುರುತ್ವಕ್ಕೂ ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳಲಾಗದೆ, ಅದು ಎಲ್ಲ ದಿಕ್ಕಿಗೂ ಹೊರಹರಿಯುತ್ತಲೇ ಇರುತ್ತದೆ. ಹೀಗೆ ಹರಿದು ಬರುವುದರಲ್ಲಿ ಬಹುಪಾಲು ಪ್ರೋಟಾನು ಮತ್ತು ಎಲೆಕ್ಟ್ರಾನುಗಳು, ಜೊತೆಗೆ ನೂರಕ್ಕೆ ನಾಲ್ಕೈದರಷ್ಟು ಹೀಲಿಯಂ ಅಯಾನುಗಳು, ಚಿಟಿಕೆಯಷ್ಟು ಇತರ ಧಾತುಗಳು ಇರುತ್ತವೆ. ಭೂಮಿಯ ಬಳಿ ಇದರ ವೇಗ ಸೆಕೆಂಡಿಗೆ ಸಾಮಾನ್ಯವಾಗಿ 300ರಿಂದ 800 ಕಿಲೋಮೀಟರ್. ಸಾಂದ್ರತೆಯಾದರೋ ಒಂದು ಘನ ಸೆಂಟಿಮೀಟರಿಗೆ ಐದಾರು ಪ್ರೋಟಾನು ಮಾತ್ರ. ಪ್ರಯೋಗಾಲಯದಲ್ಲಿ ನಾವು ‘ನಿರ್ವಾತ’ವೆಂದು ಕರೆಯುವ ಸ್ಥಿತಿಯೂ ಇದರ ಮುಂದೆ ಸಂತೆಯಂತೆ ಕಿಕ್ಕಿರಿದದ್ದೇ. ಆದರೂ ವೇಗ ಅಷ್ಟಿರುವುದರಿಂದ, ಬೆರಳಿನ ಉಗುರಿನಷ್ಟು ಜಾಗವನ್ನು ಸೆಕೆಂಡಿಗೆ ಸುಮಾರು 20 ಕೋಟಿ ಪ್ರೋಟಾನುಗಳು ದಾಟಿ ಹೋಗುತ್ತವೆ.

ನಮ್ಮ ಕಡಿ ಬಿಸಿಲು ಇಷ್ಟು ಸುಡ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಅದ ಏನ್ರಿ?

ಏನೂ ಇಲ್ಲ. ಮೇ ತಿಂಗಳಲ್ಲಿ ನಮ್ಮನ್ನು ಸುಡುವುದು ಸೂರ್ಯನ ಬೆಳಕು. ಭೂಮಿಯ ಹೊರಗೆ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬೆಳಕು ಬೀಳುತ್ತದೆ. ಸೌರ ಮಾರುತ ಹೊತ್ತು ತರುವ ಶಕ್ತಿ ಅದರ 50 ಲಕ್ಷದಲ್ಲಿ ಒಂದು ಪಾಲು. ಅದೂ ನೆಲದವರೆಗೆ ಬರುವುದಿಲ್ಲ.

ಇದರ ತಳ್ಳುವಿಕೆ ಎಷ್ಟು ಹಗುರವೆಂಬುದಕ್ಕೆ ನಮ್ಮ ಹೊಲದ್ದೇ ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಕಿಲೋಮೀಟರ್, ಅಂದರೆ ಸುಮಾರು 247 ಎಕರೆ ತೊಗರಿ ಹೊಲವನ್ನು ಬಾಹ್ಯಾಕಾಶದಲ್ಲಿ ಸೂರ್ಯನಿಗೆ ಎದುರಾಗಿ ಹಾಸಿದೆವೆನ್ನಿ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ, ಘನ ಸೆಂಟಿಮೀಟರಿಗೆ 5 ಪ್ರೋಟಾನಿರುವ ಮಾರುತ ಆ ಇಡೀ ಹೊಲದ ಮೇಲೆ ಹಾಕುವ ಒತ್ತಡವೆಲ್ಲ ಸೇರಿದರೆ ಒಂದು ತೊಗರಿ ಕಾಳಿನ ತೂಕದಷ್ಟಾಗುತ್ತದೆ. ಆದರೆ ಭೂಮಿಯ ಕಾಂತಕ್ಷೇತ್ರದ ಹಿಡಿತದಲ್ಲಿರುವ ಪ್ರದೇಶವಾದ ಕಾಂತಗೋಳದ ಅಡ್ಡಗಲ ಲಕ್ಷಾಂತರ ಕಿಲೋಮೀಟರಾದ್ದರಿಂದ ಆ ಕಾಳುಗಳು ರಾಶಿಯಾಗುತ್ತವೆ, ಕಾಂತಗೋಳ ಸೂರ್ಯನ ಕಡೆಯಲ್ಲಿ ಒತ್ತಿಹೋಗಿ ಹಿಂದುಗಡೆ ಬಾಲದಂತೆ ಉದ್ದವಾಗುತ್ತದೆ.

ಇಂಥಾದ್ದೊಂದು ಅದ ಅಂತ ಮೊದಲ ಯಾರಿಗೆ ಗೊತ್ತಾಯ್ತು?

ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುವುದನ್ನು ನೋಡಿ, ಸೂರ್ಯನಿಂದ ಕಣಗಳ ಹರಿವೊಂದು ಎಡೆಬಿಡದೆ ಹೊರಡುತ್ತಿರಬೇಕೆಂದು ಜರ್ಮನಿಯ ಲುಡ್‌ವಿಗ್ ಬಿಯರ್‌ಮನ್ 1951ರಲ್ಲಿ ವಾದಿಸಿದರು. ಅದಕ್ಕೆ ಗಣಿತದ ಬುನಾದಿ ಹಾಕಿ, ಹರಿವು ಶಬ್ದದ ವೇಗವನ್ನೂ ಮೀರಿಸಿರುತ್ತದೆಂದು 1958ರಲ್ಲಿ ಹೇಳಿದವರು ಶಿಕಾಗೊದ ಯೂಜೀನ್ ಪಾರ್ಕರ್. ಆ ಲೇಖನವನ್ನು ಪರಿಶೀಲಿಸಿದ ಇಬ್ಬರೂ ಅದು ತಪ್ಪೆಂದರು. ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಈ ವಿಚಾರ ಒಪ್ಪಿಗೆಯಿರಲಿಲ್ಲ, ಆದರೆ ಗಣಿತದಲ್ಲಿ ತಪ್ಪು ಕಾಣಿಸದ ಕಾರಣ ಲೇಖನವನ್ನು ಪ್ರಕಟಿಸಿದರು. ತನಗೆ ಒಪ್ಪಿಗೆಯಿಲ್ಲದ್ದನ್ನೂ ಅಚ್ಚಿಗೆ ಬಿಡುವ ಆ ದೊಡ್ಡತನ ನನಗೆ ಲೇಖನದಷ್ಟೇ ಮುಖ್ಯವಾಗಿ ಕಾಣುತ್ತದೆ.

1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ ನೌಕೆಗಳಲ್ಲಿ ಕಾನ್‌ಸ್ಟಾಂಟಿನ್ ಗ್ರಿಂಗೌಜ್ ಅಳವಡಿಸಿದ್ದ ಬಲೆಗಳಿಗೆ ಈ ಅಯಾನುಗಳು ಸಿಕ್ಕವು. 1962ರಲ್ಲಿ ಶುಕ್ರನತ್ತ ಹೊರಟ ಅಮೆರಿಕದ ಮ್ಯಾರಿನರ್ 2 ತಿಂಗಳುಗಟ್ಟಲೆ ಅಳೆದು, ಈ ಹರಿವು ಒಂದು ದಿನವೂ ನಿಲ್ಲುವುದಿಲ್ಲವೆಂದು ತೋರಿಸಿತು.

ಕಲಬುರಗಿಯಾಗೇ ಒಂದು ಯಂತ್ರ ಇಟ್ಟು ಅಳೀಲಿಕ್ಕೆ ಬರಲ್ಲೇನು? ಅಷ್ಟು ದೂರ ಯಾಕ ಹೋಗಬೇಕು?

ಸೌರ ಮಾರುತ ನಮ್ಮ ಬಳಿಗೆ ಬರುವುದೇ ಇಲ್ಲ. ಭೂಮಿಯ ಕಾಂತಕ್ಷೇತ್ರ ಅದನ್ನು ಸೂರ್ಯನ ಕಡೆಗೆ ಸುಮಾರು 64,000 ಕಿಲೋಮೀಟರ್ ದೂರದಲ್ಲಿಯೇ ತಡೆದು ಪಕ್ಕಕ್ಕೆ ಸರಿಸುತ್ತದೆ. ಆ ತಡೆಗೂ ಸುಮಾರು 20,000ದಿಂದ 30,000 ಕಿಲೋಮೀಟರ್ ಮುಂದೆ, ದೋಣಿಯ ಮೂತಿಯೆದುರು ನೀರು ಉಬ್ಬುವಂತೆ, ಆಘಾತದ ಅಲೆಯೊಂದು ನಿಂತಿದ್ದು, ಅದನ್ನು ದಾಟಿದ ಮಾರುತ ನಿಧಾನವಾಗಿ, ಕಾದು, ಕದಡಿಹೋಗುತ್ತದೆ. ಆದ್ದರಿಂದ ಕದಡದ ಮಾರುತವನ್ನು ಅಳೆಯಬೇಕಾದರೆ ಆ ಅಲೆಯಾಚೆಗೆ ಹೋಗಿಯೇ ತೀರಬೇಕು. ಭೂಮಿಯನ್ನು ಸುತ್ತುವ ನೌಕೆಗಳಿಂದಲೂ ಈ ಕೆಲಸ ನಡೆದಿದೆ. 1973ರಲ್ಲಿ ಹಾರಿದ ಐಎಂಪಿ-8 ತನ್ನ ದೊಡ್ಡ ಕಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಮಾರುತದಲ್ಲಿರುತ್ತಿತ್ತು, ಉಳಿದ ಹೊತ್ತು ಕಾಂತಗೋಳದ ಒಳಗೆ ಸೇರಿಬಿಡುತ್ತಿತ್ತು. ಕಾವಲುಗಾರ ವಾರಕ್ಕೆ ಮೂರು ದಿನ ರಜೆ ಹಾಕಿದಂತೆ.

ನೆಲದ ಮೇಲೆ ನಮಗೆ ಸಿಗುವುದು ಪರಿಣಾಮ ಮಾತ್ರ. 1859ರ ಸೆಪ್ಟೆಂಬರಿನ ದೊಡ್ಡ ಕಾಂತ ಬಿರುಗಾಳಿಯನ್ನು ಮುಂಬೈಯ ಕೊಲಾಬಾ ವೀಕ್ಷಣಾಲಯ ದಾಖಲಿಸಿತ್ತು. ಮುಂಬೈಗೆ ವಿದ್ಯುತ್ ಟ್ರಾಮ್ ಬರಲಿದ್ದಾಗ ಅದರ ಕಾಂತೀಯ ಗದ್ದಲದಿಂದ ದೂರವಿರಲೆಂದು ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು, ಅಲ್ಲಿ ಇಂದಿಗೂ ನಡೆದಿದೆ.

## ಎಲ್1 ಎಂಬ ಜಾಗ

ಎಲ್1ನಾಗ ಸೂರ್ಯನ ಸೆಳೆತ ಮತ್ತ ಭೂಮಿ ಸೆಳೆತ ಸಮ ಆಗ್ತಾವ ಅಂತ ಓದೀವಿ. ಸರಿ ಅದ ಏನ್ರಿ?

ಇದು ಬಹಳ ಹರಡಿರುವ ತಪ್ಪು. ಎರಡೂ ಸೆಳೆತ ನಿಜವಾಗಿ ಸಮನಾಗುವ ಜಾಗ ಭೂಮಿಯಿಂದ ಸುಮಾರು 2.6 ಲಕ್ಷ ಕಿಲೋಮೀಟರ್ ದೂರದಲ್ಲಿ, ಅಂದರೆ ಚಂದ್ರನಿಗಿಂತಲೂ ಈಚೆಗೆ ಇದೆ. ಎಲ್1 ಎಂಬ ಬಿಂದು ಇರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಅಲ್ಲಿ ಸೂರ್ಯನ ಸೆಳೆತವೇ ಎಷ್ಟೋ ಪಟ್ಟು ಹೆಚ್ಚು.

ಸರಿಯಾದ ವಿವರಣೆ ಹೀಗಿದೆ. ಸೂರ್ಯನಿಗೆ ಹತ್ತಿರವಿದ್ದಷ್ಟೂ ಸುತ್ತು ಬೇಗ ಮುಗಿಯುತ್ತದೆ, ಆದ್ದರಿಂದ ಭೂಮಿಗಿಂತ ಒಳಗಿರುವ ನೌಕೆ ಭೂಮಿಯನ್ನು ಹಿಂದೆ ಬಿಟ್ಟು ಮುಂದೆ ಓಡಬೇಕು. ಆದರೆ ಭೂಮಿ ಅದನ್ನು ಹಿಂದಿನಿಂದ ಅಷ್ಟಿಷ್ಟು ಎಳೆಯುವುದರಿಂದ ಸೂರ್ಯನ ಸೆಳೆತ ಆ ಮಟ್ಟಿಗೆ ತಗ್ಗಿದಂತಾಗಿ, ಸರಿಯಾಗಿ ಎಲ್1ನಲ್ಲಿ ನೌಕೆಯ ಸುತ್ತು ಕೂಡ ಒಂದು ವರ್ಷವೇ ಆಗುತ್ತದೆ. ಎತ್ತಿನ ಹಗ್ಗವನ್ನು ಹಿಂದಿನಿಂದ ಹದವಾಗಿ ಹಿಡಿದು ಜೊತೆಯಲ್ಲಿ ನಡೆಸಿಕೊಂಡು ಹೋದ ಹಾಗೆ. ಹೀಗೆ ನೌಕೆ ವರ್ಷವಿಡೀ ಸೂರ್ಯ ಮತ್ತು ಭೂಮಿಯ ನಡುವೆಯೇ ಉಳಿಯುತ್ತದೆ. ಆ ಸಮತೋಲ ಗಟ್ಟಿಯಾದದ್ದಲ್ಲವಾದ್ದರಿಂದ ಆಗಾಗ ಸ್ವಲ್ಪ ಇಂಧನ ಉರಿಸಿ ನೌಕೆಯನ್ನು ಸರಿಪಡಿಸುತ್ತಿರಬೇಕಾಗುತ್ತದೆ.

ಎಲ್ಲಾ ದೇಶದವರೂ ಅದೇ ಬಿಂದುವಿಗೆ ನೌಕೆ ಕಳಿಸಿದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲವೇ?

ಯಾವ ನೌಕೆಯೂ ಆ ಬಿಂದುವಿನಲ್ಲೇ ನಿಂತಿಲ್ಲ. ಎಲ್ಲವೂ ಅದರ ಸುತ್ತ ಲಕ್ಷಗಟ್ಟಲೆ ಕಿಲೋಮೀಟರ್ ಅಗಲದ ಕಕ್ಷೆಗಳಲ್ಲಿ ತಿರುಗುತ್ತಿವೆ. ಆದಿತ್ಯ-ಎಲ್1 ಒಂದು ಸುತ್ತಿಗೆ ಸುಮಾರು 178 ದಿನ ತೆಗೆದುಕೊಳ್ಳುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನೌಕೆ ಸೂರ್ಯನ ನೇರಕ್ಕೇ ಇದ್ದರೆ, ಅದರ ಸಂಕೇತ ಹಿಡಿಯಲು ತಿರುಗಿಸಿದ ಆಂಟೆನಾಗೆ ಸೂರ್ಯನ ರೇಡಿಯೊ ಗದ್ದಲವೇ ತುಂಬಿಕೊಂಡು ನೌಕೆಯ ಮಾತು ಕೇಳಿಸದಾಗುತ್ತದೆ.

ಈ ಜಾಗಕ್ಕೆ ಮೊದಲು ಹೋದದ್ದು 1978ರ ಆಗಸ್ಟಿನಲ್ಲಿ ಹಾರಿದ ಐಎಸ್‌ಇಇ-3. ಆ ಬಳಿಕ ವಿಂಡ್ (1994), ಸೋಹೊ (1995), ಏಸ್ (1997), ಡಿಸ್ಕವರ್ (2015) ಬಂದವು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ57 ಹೊತ್ತೊಯ್ದ ಆದಿತ್ಯ-ಎಲ್1, 126 ದಿನಗಳ ಪಯಣದ ಬಳಿಕ 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿತು. 2025ರ ಸೆಪ್ಟೆಂಬರ್ 24ರಂದು ಐಮ್ಯಾಪ್ ಮತ್ತು ಎಸ್‌ಡಬ್ಲ್ಯುಎಫ್‌ಒ-ಎಲ್1 ಒಂದೇ ರಾಕೆಟ್ಟಿನಲ್ಲಿ ಹೊರಟವು.

ಸೂರ್ಯನ ಫೋಟೋ ದಿನಾ ತೆಗೀತಾರ, ಸ್ಫೋಟ ಆದ್ರ ಎಂಟು ನಿಮಿಷದಾಗ ಕಾಣ್ತದ. ಮತ್ತ ಎಲ್1ನಾಗ ಕುಂತು ಅಳೆಯೋದು ಯಾಕ?

ಅಫಜಲಪುರದ ಕಡೆಯವರೊಬ್ಬರು ಇದನ್ನು ಕೇಳಿದಾಗ ನಾನು ಭೀಮೆಯನ್ನೇ ಮುಂದಿಟ್ಟೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ನಮಗೆ ಆ ದಿನವೇ ತಿಳಿಯುತ್ತದೆ. ಆದರೆ ನೀರು ದಾರಿಯಲ್ಲಿ ಎಷ್ಟು ಸೇರಿತು, ಎಷ್ಟು ಇಂಗಿತು, ಯಾವ ಹೊತ್ತಿಗೆ ಎಷ್ಟು ಎತ್ತರಕ್ಕೆ ಬಂದೀತು ಎಂಬುದು ಖಚಿತವಾಗುವುದು ಸೊನ್ನ ಬ್ಯಾರೇಜಿಗೆ ಅದು ಮುಟ್ಟಿದಾಗಲೇ. ಘತ್ತರಗಿ, ಗಾಣಗಾಪುರದವರು ಸೇತುವೆ ದಾಟಬೇಕೋ ಬೇಡವೋ ಎಂದು ನಿರ್ಧರಿಸುವುದು ಉಜನಿಯ ಸುದ್ದಿಯಿಂದಲ್ಲ, ಸೊನ್ನದ ಅಳತೆಯಿಂದ. ಸೂರ್ಯನ ಚಿತ್ರ ಉಜನಿಯ ಸುದ್ದಿಯಿದ್ದಂತೆ. ಎಲ್1 ನಮ್ಮ ಸೊನ್ನ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಸೌರ ಮಾರುತಕ್ಕೆ ನದಿಗಿಲ್ಲದ ಗುಣವೊಂದಿದೆ. ಅದು ಸೂರ್ಯನ ಕಾಂತಕ್ಷೇತ್ರವನ್ನು ತನ್ನೊಡನೆ ಎಳೆದು ತರುತ್ತದೆ. ಆ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿಯ ಕ್ಷೇತ್ರದೊಡನೆ ಹೊಂದಿಕೊಂಡು, ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ದಕ್ಷಿಣಕ್ಕೆ ತಿರುಗಿತೋ, ಎದುರುಬದುರಾದ ಬಲರೇಖೆಗಳು ಕಡಿದು ಒಂದಕ್ಕೊಂದು ಜೋಡಣೆಗೊಂಡು ಮಾರುತದ ಶಕ್ತಿ ಒಳನುಗ್ಗುತ್ತದೆ. ಇದನ್ನು 1961ರಲ್ಲಿ ವಿವರಿಸಿದವರು ಜೇಮ್ಸ್ ಡಂಜಿ. ಒಂದೇ ವೇಗದ, ಒಂದೇ ಗಾತ್ರದ ಎರಡು ಸೌರ ಸ್ಫೋಟಗಳಲ್ಲಿ ಒಂದು ಸದ್ದಿಲ್ಲದೆ ದಾಟಿಹೋಗಿ ಇನ್ನೊಂದು ವಿದ್ಯುತ್ ಜಾಲವನ್ನೇ ಬೀಳಿಸಬಲ್ಲದೆಂದರೆ ಅದಕ್ಕೆ ಬಹುತೇಕ ಈ ದಿಕ್ಕೇ ಕಾರಣ. ಕಾಂತಕ್ಷೇತ್ರದ ಈ ಉತ್ತರ–ದಕ್ಷಿಣ ಪಾಲನ್ನು ‘ಬಿ-ಜೆಡ್’ ಎನ್ನುತ್ತಾರೆ. ಸ್ಫೋಟದಿಂದ ಸಿಡಿದು ಬರುವ ಕಣಗಳ ಮೋಡದೊಳಗಿನ ಬಿ-ಜೆಡ್ ಸೂರ್ಯನ ಚಿತ್ರದಲ್ಲಿ ಕಾಣುವುದಿಲ್ಲ. ಯಾವ ದುರ್ಬೀನಿಗೂ ದೂರದಿಂದ ಎಟುಕುವುದಿಲ್ಲ. ಹರಿವಿನ ನಡುವೆ ನಿಂತು ಮೈಗೆ ತಾಗಿಸಿಕೊಂಡೇ ಅದನ್ನು ತಿಳಿಯಬೇಕು. ನನ್ನನ್ನು ಕೇಳಿದರೆ, ಎಲ್1ನಲ್ಲಿ ನೌಕೆ ಇಡುವ ಇಷ್ಟೆಲ್ಲ ಖರ್ಚಿಗೆ ಈ ಒಂದೇ ಅಂಕಿ ಸಾಕಷ್ಟು ಕಾರಣ.

ಅಲ್ಲಿಂದ ಸುದ್ದಿ ಬಂದ ಮ್ಯಾಲ ನಮಗ ಎಷ್ಟು ಹೊತ್ತು ಸಿಗ್ತದ?

15 ಲಕ್ಷವನ್ನು ವೇಗದಿಂದ ಭಾಗಿಸಿ. ಸೆಕೆಂಡಿಗೆ 400 ಕಿಲೋಮೀಟರಾದರೆ 62 ನಿಮಿಷ. 800 ಆದರೆ 31 ನಿಮಿಷ. ಅಪರೂಪಕ್ಕೆ ಬರುವ, ಸೆಕೆಂಡಿಗೆ 2000 ಕಿಲೋಮೀಟರ್ ವೇಗದ ಬಿರುಗಾಳಿಗೆ ಹನ್ನೆರಡೂವರೆ ನಿಮಿಷ. ನೌಕೆಯ ರೇಡಿಯೊ ಸಂಕೇತ 5 ಸೆಕೆಂಡಿನಲ್ಲಿ ಭೂಮಿ ಸೇರುತ್ತದೆಂಬುದೇ ನಮ್ಮ ಅನುಕೂಲ. ಬಿರುಗಾಳಿ ಬಲವಾದಷ್ಟೂ ಸಿಗುವ ಹೊತ್ತು ಕಡಿಮೆಯಾಗುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

2024ರ ಮೇ 10, ಬಸವ ಜಯಂತಿಯ ದಿನ. ಮೆರವಣಿಗೆ ಮುಗಿದು ಊರು ಮಲಗುವ ಹೊತ್ತಿನಲ್ಲಿ, ರಾತ್ರಿ ಹತ್ತು ದಾಟಿದ ಮೇಲೆ, ನಾನು ಮಹಡಿಯ ಮೇಲೆ ಫೋನಿನಲ್ಲಿ ಎಲ್1ನ ನಕ್ಷೆ ನೋಡುತ್ತಿದ್ದೆ. ಅಲ್ಲಿಯವರೆಗೆ ನೆಲದುದ್ದಕ್ಕೂ ತೆವಳುತ್ತಿದ್ದ ವೇಗದ ಗೆರೆ ಒಮ್ಮೆಗೇ ಗೋಡೆಯಂತೆ ನೆಟ್ಟಗೆ ನಿಂತಿತು. ಸಾಂದ್ರತೆಯೂ ಕಾಂತಕ್ಷೇತ್ರವೂ ಅದೇ ಕ್ಷಣ ಜಿಗಿದವು. 10:35ರ ಹೊತ್ತಿಗೆ ಭೂಮಿಯ ಮೇಲಿನ ಕಾಂತಮಾಪಕಗಳು ಕುಲುಕಿದವು. ಹೆಚ್ಚುಕಡಿಮೆ ಅರ್ಧ ಗಂಟೆ. ಮುಂದಿನ ಗಂಟೆಗಳಲ್ಲಿ ಬಿ-ಜೆಡ್ ದಕ್ಷಿಣಕ್ಕೆ ಸುಮಾರು 50 ನ್ಯಾನೊಟೆಸ್ಲಾದವರೆಗೆ (ಇದು ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಇಳಿದು, 2003ರ ನಂತರದ ಅತ್ಯಂತ ಬಲವಾದ ಕಾಂತ ಬಿರುಗಾಳಿ ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಆ ರಾತ್ರಿ ಕೆಂಪು ಧ್ರುವಪ್ರಭೆ ಕ್ಯಾಮೆರಾಗಳಿಗೆ ಸಿಕ್ಕಿತು. ಕಲಬುರಗಿಯ ಆಕಾಶದಲ್ಲಿ ಏನೂ ಕಾಣಲಿಲ್ಲ. ಇಷ್ಟು ತೆಂಕಣಕ್ಕೆ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ.

## ಉಪಕರಣಗಳು

ಗಾಳಿ ಅಳೀಲಿಕ್ಕೆ ಬಟ್ಟಲಿನ ಚಕ್ರ ಇರ್ತದ. ಅಲ್ಲಿ ಏನು ತಿರುಗ್ತದ?

ತಿರುಗುವುದೇನೂ ಇಲ್ಲ, ಆದರೆ ಬಟ್ಟಲಿದೆ. ಫ್ಯಾರಡೆ ಬಟ್ಟಲು ಎಂಬ ಲೋಹದ ಪಾತ್ರೆಯ ಬಾಯಿ ಸೂರ್ಯನ ಕಡೆಗಿರುತ್ತದೆ. ಒಳಬಂದ ಪ್ರೋಟಾನುಗಳು ತಳದ ಫಲಕಕ್ಕೆ ಬಡಿದಾಗ ವಿದ್ಯುತ್ ಹರಿಯುತ್ತದೆ. ಬಾಯಿ 30 ಚದರ ಸೆಂಟಿಮೀಟರಿದ್ದರೆ ಆ ವಿದ್ಯುತ್ತು ಒಂದು ಆಂಪಿಯರಿನ 100 ಕೋಟಿಯಲ್ಲಿ ಒಂದು ಪಾಲು. ಅಷ್ಟನ್ನು ನಿಖರವಾಗಿ ಎಣಿಸುವುದರಲ್ಲಿಯೇ ಉಪಕರಣದ ಹೆಚ್ಚುಗಾರಿಕೆ ಇರುವುದು.

ವೇಗ ತಿಳಿಯಲು ಬಾಯಿಗೆ ಅಡ್ಡವಾಗಿ ಜಾಲರಿಯಿಟ್ಟು ಅದಕ್ಕೆ ಧನ ವೋಲ್ಟೇಜ್ ಕೊಡುತ್ತಾರೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಪ್ರೋಟಾನನ್ನು ತಡೆಯಲು ಸುಮಾರು 835 ವೋಲ್ಟ್ ಬೇಕು. ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಯಾವ ಮೆಟ್ಟಿಲಲ್ಲಿ ವಿದ್ಯುತ್ ಕುಸಿಯಿತೆಂದು ನೋಡಿದರೆ ವೇಗ ಸಿಕ್ಕಿತು. ಎಷ್ಟು ಕುಸಿಯಿತೆಂಬುದರಿಂದ ಸಾಂದ್ರತೆ, ಕುಸಿತ ಎಷ್ಟು ಅಗಲದಲ್ಲಿ ಹರಡಿಕೊಂಡಿದೆ ಎಂಬುದರಿಂದ ತಾಪಮಾನ. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ ಹೀಲಿಯಂ ತಾನಾಗಿಯೇ ಬೇರೆಯಾಗಿ ನಿಲ್ಲುವುದು. ಅದರ ತೂಕ ಪ್ರೋಟಾನಿನ ನಾಲ್ಕರಷ್ಟು, ವಿದ್ಯುದಂಶ ಎರಡರಷ್ಟು. ಆದ್ದರಿಂದ ಅದೇ ವೇಗದ ಹೀಲಿಯಂ ತಡೆಯಲು ಎರಡರಷ್ಟು, ಅಂದರೆ 1670 ವೋಲ್ಟ್ ಬೇಕಾಗುತ್ತದೆ. ರಾಶಿ ಮಾಡುವಾಗ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬಿದ್ದಂತೆ ನಕ್ಷೆಯಲ್ಲಿ ಎರಡು ಗುಡ್ಡೆಗಳು ಕಾಣುತ್ತವೆ.

ಇನ್ನೊಂದು ಬಗೆಯ ಉಪಕರಣದಲ್ಲಿ ಬಾಗಿದ ಎರಡು ಫಲಕಗಳ ನಡುವಿನ ಕಿರಿದಾದ ಓಣಿಯಲ್ಲಿ ಕಣಗಳನ್ನು ಹಾಯಿಸುತ್ತಾರೆ. ಫಲಕಗಳಿಗೆ ಕೊಟ್ಟ ವೋಲ್ಟೇಜಿಗೆ ಹೊಂದುವ ಶಕ್ತಿಯ ಕಣ ಮಾತ್ರ ತಿರುವು ದಾಟಿ ಹೊರಬೀಳುತ್ತದೆ, ಉಳಿದವು ಗೋಡೆಗೆ ಬಡಿಯುತ್ತವೆ. ಆದಿತ್ಯದಲ್ಲಿರುವುದು ಈ ತತ್ತ್ವ.

ಕಾಂತಮಾಪಕವನ್ನು ಆರು ಮೀಟರ್ ಉದ್ದದ ಕೋಲಿನ ತುದಿಗೆ ಯಾಕೆ ಕಟ್ಟುತ್ತಾರೆ?

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು. ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟೆ. ಮುಳ್ಳು ಉತ್ತರ ಬಿಟ್ಟು ಎಲ್ಲೋ ನೋಡುತ್ತಿತ್ತು. ಮೇಜಿನ ಕಾಲು ಕಬ್ಬಿಣದ್ದು. ಕೈಯಲ್ಲಿ ಎತ್ತಿ ಹಿಡಿದರೆ ಸರಿಯಾಯಿತು, ಹುಡುಗಿಯೊಬ್ಬಳು ಮೇಷ್ಟ್ರ ಮೊಬೈಲನ್ನು ಹತ್ತಿರ ತಂದಾಗ ಮತ್ತೆ ತಿರುಗಿತು. ‘ಹಂಗಾರ ದೂರ ಹಿಡೀಬೇಕ್ರಿ’ ಎಂದಳು ಅವಳೇ.

ಕಲಬುರಗಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಎಲ್1ನಲ್ಲಿ ಅಳೆಯಬೇಕಾದದ್ದು ಸಾಮಾನ್ಯ ದಿನಗಳಲ್ಲಿ 5 ನ್ಯಾನೊಟೆಸ್ಲಾ. ನೌಕೆಯೊಳಗಿನ ತಂತಿಗಳಲ್ಲಿ ಹರಿಯುವ ವಿದ್ಯುತ್ತೇ ಅದನ್ನು ಮುಳುಗಿಸಿಬಿಡಬಲ್ಲದು. ಅದಕ್ಕಾಗಿ ಆದಿತ್ಯದ ಕೋಲು 6 ಮೀಟರ್ ಚಾಚಿಕೊಂಡಿದೆ. 3 ಮೀಟರಿನಲ್ಲಿ ಒಂದು, ತುದಿಯಲ್ಲಿ ಒಂದು ಹೀಗೆ ಎರಡು ಮಾಪಕಗಳಿವೆ. ನೌಕೆಯ ಸ್ವಂತ ಕ್ಷೇತ್ರ ದೂರ ಹೋದಂತೆ ಬೇಗ ಕುಗ್ಗುತ್ತದೆ, ಹೊರಗಿನದು ಎರಡೂ ಕಡೆ ಒಂದೇ ಇರುತ್ತದೆ. ಎರಡರ ವ್ಯತ್ಯಾಸ ನೋಡಿದರೆ ನೌಕೆಯ ಪಾಲನ್ನು ಗುರುತಿಸಿ ಕಳೆಯಬಹುದು.

ಆದಿತ್ಯದಲ್ಲಿ ಸೌರ ಮಾರುತ ಅಳೆಯುವ ಉಪಕರಣ ಯಾವುವು?

ಏಳರಲ್ಲಿ ಮೂರು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಆಸ್ಪೆಕ್ಸ್, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪಾಪಾ ಮತ್ತು ಬೆಂಗಳೂರಿನಲ್ಲಿ ತಯಾರಾದ ಕಾಂತಮಾಪಕ. ಉಳಿದ ನಾಲ್ಕು ದೂರದಿಂದಲೇ ಸೂರ್ಯನನ್ನು ನೋಡುತ್ತವೆ.

ಭೂಮಿ ತಿರುಗ್ತಾ ಇರ್ತದಲ್ಲ, ರಾತ್ರಿ ಹೊತ್ತು ಸಂಕೇತ ಹೆಂಗ ಹಿಡೀತಾರ?

ಎಲ್1 ಸೂರ್ಯನ ಬದಿಯಲ್ಲೇ ಇರುವುದರಿಂದ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ದೊಡ್ಡ ಆಂಟೆನಾಗೆ ಆದಿತ್ಯ ಕಾಣುವುದು ಹೆಚ್ಚುಕಡಿಮೆ ಹಗಲಿನಲ್ಲಿ ಮಾತ್ರ. ಅದಕ್ಕಾಗಿಯೇ ಎಲ್1ನ ಎಚ್ಚರಿಕೆಯ ಕೆಲಸಕ್ಕೆ ಬೇರೆ ಬೇರೆ ರೇಖಾಂಶಗಳಲ್ಲಿರುವ ಹಲವು ದೇಶಗಳ ಆಂಟೆನಾಗಳು ಸರದಿಯ ಮೇಲೆ ದುಡಿಯುತ್ತವೆ. ಒಂದು ಕೊಂಡಿ ತಪ್ಪಿದರೆ ನಕ್ಷೆಯಲ್ಲಿ ಅಷ್ಟು ಹೊತ್ತು ಖಾಲಿ ಜಾಗ.

## ನಮ್ಮ ಮೇಲಿನ ಪರಿಣಾಮ

ಇದರಿಂದ ತೊಗರಿಗೆ, ಮಳಿಗೆ ಏನಾರ ಆಗ್ತದ ಏನ್ರಿ? ಕರೆಂಟ್ ಹೋಗ್ತದ?

ತೊಗರಿಗೆ ಏನೂ ಆಗುವುದಿಲ್ಲ. ನಾಳಿನ ಮಳೆಗೂ ಇದಕ್ಕೂ ಗಂಟು ಹಾಕಬಾರದು.

ಕರೆಂಟಿನ ಅಪಾಯ ಧ್ರುವಗಳ ಹತ್ತಿರದ ದೇಶಗಳಿಗೆ ಹೆಚ್ಚು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ಕಿನಲ್ಲಿ 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. ನಮ್ಮಲ್ಲಿ ಸಂಜೆ ಕರೆಂಟ್ ಹೋದರೆ ಸೂರ್ಯನನ್ನು ದೂರುವ ಮೊದಲು ಟ್ರಾನ್ಸ್‌ಫಾರ್ಮರ್ ನೋಡುವುದು ಒಳ್ಳೆಯದು. ಉಪಗ್ರಹಗಳಿಗೆ ಮಾತ್ರ ಅಕ್ಷಾಂಶದ ರಿಯಾಯಿತಿ ಇಲ್ಲ: 2022ರ ಫೆಬ್ರುವರಿಯಲ್ಲಿ ಸಾಧಾರಣ ಬಿರುಗಾಳಿಯೊಂದಕ್ಕೇ ಮೇಲಿನ ವಾತಾವರಣ ಉಬ್ಬಿ, ಆಗಷ್ಟೇ ಹಾರಿಬಿಟ್ಟಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಕೆಳಗೆ ಬಿದ್ದು ಉರಿದುಹೋದವು.

ನಮಗೆ ನಿಜವಾಗಿ ತಟ್ಟುವುದು ಜಿಪಿಎಸ್. ಈಗ ಜಮೀನು ಸರ್ವೆಗೆ ಬರುವವರು ಉಪಗ್ರಹದ ಸಂಕೇತ ಹಿಡಿಯುವ ರೋವರ್ ಎಂಬ ಯಂತ್ರ ನೆಟ್ಟು ಸೆಂಟಿಮೀಟರಿನ ಲೆಕ್ಕದಲ್ಲಿ ಬದು ಗುರುತಿಸುತ್ತಾರೆ. ಉಪಗ್ರಹದ ಸಂಕೇತ ಮೇಲಿನ ವಾತಾವರಣದಲ್ಲಿ ವಿದ್ಯುದಂಶದ ಕಣಗಳಿರುವ ಪದರವಾದ ಅಯಾನುಗೋಳವನ್ನು ಹಾಯ್ದು ಬರಬೇಕು; ಬಿರುಗಾಳಿಯ ದಿನ ಆ ಪದರ ಕದಡಿದ್ದರೆ ರೋವರಿಗೆ ಸ್ಥಾನ ಗಟ್ಟಿಯಾಗಿ ಸಿಗದೆ ಒದ್ದಾಡಬಹುದು. ಆದರೆ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಭಾಗದಲ್ಲಿ ಬಿರುಗಾಳಿಯೇ ಇಲ್ಲದ ದಿನಗಳಲ್ಲೂ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನಲ್ಲಿ ಸೂರ್ಯ ಮುಳುಗಿದ ಮೇಲೆ, ಅಯಾನುಗೋಳ ತಾನಾಗಿಯೇ ಕದಡುವುದುಂಟು. ಎಲ್ಲದಕ್ಕೂ ಸೌರ ಮಾರುತವೇ ಕಾರಣವಲ್ಲ.

## ಇನ್ನಷ್ಟು ಆಳಕ್ಕೆ

ಎರಡು ನೌಕೆಗಳ ಅಂಕಿಗಳು ಬೇರೆ ಬೇರೆ ಬಂದರೆ ಯಾವುದನ್ನು ನಂಬಬೇಕು?

ಎರಡೂ ಸರಿಯಿರಬಹುದು. ನೌಕೆಗಳ ನಡುವೆ ಲಕ್ಷಗಟ್ಟಲೆ ಕಿಲೋಮೀಟರ್ ಅಂತರವಿದೆ, ಮಾರುತವೂ ಎಲ್ಲೆಡೆ ಒಂದೇ ಹದದಲ್ಲಿಲ್ಲ. ಮುಂಗಾರಿನಲ್ಲಿ ಆಳಂದದಲ್ಲಿ ಸುರಿದ ಮಳೆ ಕಡಗಂಚಿಯಲ್ಲಿ ಹನಿಯದೆ ಹೋಗುವುದಿಲ್ಲವೇ? ಸಮಯದ ಲೆಕ್ಕ ಇನ್ನೂ ತೊಡಕಿನದು. ಸೂರ್ಯ ತಿರುಗುತ್ತ ಮಾರುತವನ್ನು ಚಿಮ್ಮಿಸುವುದರಿಂದ ಅದರ ಕಾಂತರೇಖೆಗಳು ಸುರುಳಿಯಾಗಿ, ಭೂಮಿಯ ಬಳಿ ಸುಮಾರು 45 ಡಿಗ್ರಿ ಓರೆಯಾಗಿರುತ್ತವೆ. ಬರುವ ಅಲೆಯ ಮುಖವೂ ಓರೆಯಾಗಿದ್ದರೆ, ಸೂರ್ಯ–ಭೂಮಿ ರೇಖೆಯಿಂದ ಪಕ್ಕಕ್ಕಿರುವ ನೌಕೆಗೆ ಅದು ಲೆಕ್ಕಕ್ಕಿಂತ ಎಷ್ಟೋ ನಿಮಿಷ ಮೊದಲೋ ತಡವಾಗಿಯೋ ತಾಗುತ್ತದೆ. ದೂರವನ್ನು ವೇಗದಿಂದ ಭಾಗಿಸುವ ಸರಳ ಲೆಕ್ಕ ಇಲ್ಲಿ ಸೋಲುವುದರಿಂದ ಮುಖದ ಓರೆಯನ್ನೂ ಅಂದಾಜಿಸಿ ಸಮಯ ತಿದ್ದುತ್ತಾರೆ. ಒಂದೇ ನೌಕೆಯಿದ್ದರೆ ಆ ಓರೆ ಊಹೆಯೇ ಸರಿ. ಮೂರ್ನಾಲ್ಕಿದ್ದರೆ ಯಾವುದಕ್ಕೆ ಯಾವಾಗ ತಾಗಿತೆಂಬುದರಿಂದ ಲೆಕ್ಕ ಹಾಕಿಯೇ ತೆಗೆಯಬಹುದು. ‘ಅಮೆರಿಕದವು ಇದ್ದಾಗ ನಮ್ಮದೂ ಬೇಕಿತ್ತೇ?’ ಎಂದು ಕೇಳುವವರಿಗೂ ಇದೇ ಉತ್ತರ. ಅಲ್ಲದೆ ನೌಕೆಗಳು ಕೆಡುತ್ತವೆ: ಡಿಸ್ಕವರ್ 2019ರ ಜೂನಿನಿಂದ 2020ರ ಮಾರ್ಚಿನವರೆಗೆ ಮಾತೇ ಆಡಲಿಲ್ಲ, ಆಗ ಕಾವಲಿಗೆ ನಿಂತದ್ದು 1997ರ ಮುದಿ ಏಸ್.

ಉಪಕರಣ ಹಳತಾದಂತೆ ಸಾಂದ್ರತೆಯನ್ನು ಕಡಿಮೆ ತೋರಿಸುವುದಿಲ್ಲವೇ? ತಾಳೆ ನೋಡುವುದು ಹೇಗೆ?

ಕಣಗಳನ್ನು ಎಣಿಸುವ ಪತ್ತೆಕಾರಕಗಳು ವರ್ಷ ಕಳೆದಂತೆ ಮಂಕಾಗುತ್ತವೆ, ನಿಜ. ಆದರೆ ಮಾರುತದಂಥ ವಿದ್ಯುದಂಶದ ಕಣಗಳ ರಾಶಿಗೆ, ಅಂದರೆ ಪ್ಲಾಸ್ಮಾಗೆ, ತನ್ನದೇ ಆದ ಸ್ವರವೊಂದಿದೆ. ಅದರ ಎಲೆಕ್ಟ್ರಾನುಗಳು ಸಾಂದ್ರತೆಯ ವರ್ಗಮೂಲಕ್ಕೆ ತಕ್ಕ ಕಂಪನಾಂಕದಲ್ಲಿ ತುಯ್ಯುತ್ತವೆ: ಘನ ಸೆಂಟಿಮೀಟರಿಗೆ ಒಂದಿದ್ದರೆ 9 ಕಿಲೋಹರ್ಟ್ಸ್, ಐದಿದ್ದರೆ 20. ವಿಂಡ್ ನೌಕೆಯ ಉದ್ದನೆಯ ಆಂಟೆನಾಗಳು ಈ ಸ್ವರವನ್ನು ಕೇಳಿಸಿಕೊಳ್ಳುತ್ತವೆ. ಕಂಪನಾಂಕ ಉಪಕರಣದ ವಯಸ್ಸಿಗೆ ಬದಲಾಗುವುದಿಲ್ಲವಾದ್ದರಿಂದ ಉಳಿದವನ್ನು ಇದಕ್ಕೆ ಹೋಲಿಸಿ ಸರಿಪಡಿಸುತ್ತಾರೆ. ತಕ್ಕಡಿಯ ಮೇಲೆ ಅನುಮಾನ ಬಂದಾಗ ತಂಬೂರಿಯ ಶ್ರುತಿ ಕೇಳಿ ತೂಕ ಹೇಳಿದಂತಿದೆ ಇದು.

ದೊಡ್ಡ ಬಿರುಗಾಳಿ ಬಂದಾಗ ಅಳೆಯುವ ಉಪಕರಣವೇ ಕುರುಡಾಗುವುದುಂಟೇ?

ಉಂಟು, ಅದೂ ಬೇಕಾದ ಹೊತ್ತಿಗೇ. 2003ರ ಅಕ್ಟೋಬರ್ ಕೊನೆಯ ಸ್ಫೋಟಗಳ ಜೊತೆ ಬೆಳಕಿನ ವೇಗಕ್ಕೆ ಹತ್ತಿರದ ಪ್ರೋಟಾನುಗಳು ಮೊದಲೇ ಬಂದು, ಏಸ್ ನೌಕೆಯ ಮಾರುತ ಮಾಪಕದ ಗೋಡೆ ತೂರಿ ಪತ್ತೆಕಾರಕಕ್ಕೆ ನೇರ ಬಡಿದವು. ಅದರ ಗದ್ದಲದಲ್ಲಿ ನಿಜವಾದ ಮಾರುತ ಎಲ್ಲಿದೆಯೆಂಬುದೇ ಉಪಕರಣಕ್ಕೆ ತಿಳಿಯದೆ ವೇಗದ ಅಂಕಿಗಳು ನಿಂತುಹೋದವು. ಸೆಕೆಂಡಿಗೆ ಸುಮಾರು 2000 ಕಿಲೋಮೀಟರ್ ಇತ್ತೆಂಬುದು ಆಮೇಲೆ ಬೇರೆ ಬಗೆಯ ದತ್ತಾಂಶ ಕೆದಕಿದಾಗ ತಿಳಿಯಿತು. ಫ್ಯಾರಡೆ ಬಟ್ಟಲು ಇಲ್ಲಿ ಗಟ್ಟಿ. ಜಾಲರಿಯ ವೋಲ್ಟೇಜನ್ನು ಬೇಗ ಬೇಗ ಏರಿಳಿಸಿ, ಅದರ ತಾಳಕ್ಕೆ ಕುಣಿಯುವ ವಿದ್ಯುತ್ತನ್ನಷ್ಟೇ ಅದು ಎಣಿಸುತ್ತದೆ. ಅತಿವೇಗದ ಪ್ರೋಟಾನಿಗೆ ಜಾಲರಿಯ ಲಕ್ಷ್ಯವೇ ಇಲ್ಲದಿರುವುದರಿಂದ ಅದು ತಾನಾಗಿ ಲೆಕ್ಕದ ಹೊರಗುಳಿಯುತ್ತದೆ.

ಸೌರ ಮಾರುತ ನಿಂತೇ ಹೋದದ್ದುಂಟೇ?

ನಿಲ್ಲುವಷ್ಟರ ಮಟ್ಟಿಗೆ ಒಮ್ಮೆ ತೆಳುವಾಗಿತ್ತು. 1999ರ ಮೇ 11ರಂದು ಏಸ್ ಮತ್ತು ವಿಂಡ್ ಎರಡೂ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ ಒಂದಕ್ಕಿಂತ ಎಷ್ಟೋ ಕೆಳಗೆ, ಒಂದು ಹಂತದಲ್ಲಿ 0.2ರ ಆಸುಪಾಸಿಗೆ ಇಳಿದದ್ದನ್ನು ಕಂಡವು. ಒಂದೇ ನೌಕೆಯಿದ್ದಿದ್ದರೆ ಉಪಕರಣ ಕೆಟ್ಟಿತೆಂದು ಕೈಬಿಡುತ್ತಿದ್ದರೇನೋ. ಒತ್ತಡ ತಗ್ಗಿದ್ದರಿಂದ ಭೂಮಿಯ ಮುಂದಿನ ಆಘಾತದ ಅಲೆ ಚಂದ್ರನ ಕಕ್ಷೆಯ ದೂರದತ್ತ ಸರಿಯಿತು. ದಾರಿ ತೆರವಾದದ್ದರಿಂದ ಕರೋನಾದ ಎಲೆಕ್ಟ್ರಾನುಗಳು ಎಲ್ಲೂ ಚದುರದೆ ನೇರ ಬಂದು ಉತ್ತರ ಧ್ರುವದ ಮೇಲೆ ಸುರಿದವು. ಅಲ್ಲಿ ಎದ್ದ ಎಕ್ಸ್-ಕಿರಣಗಳ ಹೊಳಪನ್ನು ಪೋಲಾರ್ ಎಂಬ ಉಪಗ್ರಹ ದಾಖಲಿಸಿತು.

ಒಂದು ಗಂಟೆಗಿಂತ ಮೊದಲೇ ತಿಳಿಯಲು ಸೂರ್ಯನ ಇನ್ನೂ ಹತ್ತಿರ ನಿಲ್ಲಬಾರದೇಕೆ?

ನಿಲ್ಲಲಾಗದೆಂಬುದೇ ತೊಂದರೆ. ಎಲ್1ನಿಂದ ಒಳಗೆ ಸರಿದ ನೌಕೆ ಭೂಮಿಗಿಂತ ಬೇಗ ಸುತ್ತಿ ರೇಖೆ ಬಿಟ್ಟು ಹೋಗುತ್ತದೆ. 2018ರಲ್ಲಿ ಹಾರಿದ ಪಾರ್ಕರ್ ನೌಕೆ 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ 61 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಹೋಯಿತು, ಆದರೆ ಅದು ಮಾರುತ ಹುಟ್ಟುವ ಬಗೆ ತಿಳಿಯಲು ಹೋದದ್ದು, ಕಾವಲಿಗಲ್ಲ. ಭೂಮಿಯ ಹಿಂದೆ 60 ಡಿಗ್ರಿ ದೂರದ ಎಲ್5ಗೆ ಯುರೋಪಿನ ವಿಜಿಲ್ ನೌಕೆಯನ್ನು ಕಳುಹಿಸುವ ಸಿದ್ಧತೆ ನಡೆದಿದೆ. ಅಲ್ಲಿಂದ ಸ್ಫೋಟದ ಮೋಡ ಭೂಮಿಯತ್ತ ಸಾಗುವುದನ್ನು ಪಕ್ಕದಿಂದ ನೋಡಬಹುದು. ಆದರೂ ನಮ್ಮತ್ತ ಬರುವ ಆ ಮೋಡದ ಬಿ-ಜೆಡ್ ಪಕ್ಕದಿಂದ ಕಾಣದು. ಅದಕ್ಕೆ ಎಲ್1ನ ದಾರಿಯನ್ನೇ ಕಾಯಬೇಕು.

ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಈ ಅಂಕಿಅಂಶಗಳನ್ನು ನಾನೇ ನೋಡಬಹುದೇ?

ಖಂಡಿತ. ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಕೇಂದ್ರ ಎಲ್1ನ ನಕ್ಷೆಯನ್ನು ನಿಮಿಷ ನಿಮಿಷಕ್ಕೆ ಉಚಿತವಾಗಿ ತೋರಿಸುತ್ತದೆ. ಆದಿತ್ಯದ ದತ್ತಾಂಶ ಇಸ್ರೋದ ಪ್ರದಾನ್ ತಾಣದಲ್ಲಿ ಹೆಸರು ನೋಂದಾಯಿಸಿದವರಿಗೆ ಸಿಗುತ್ತದೆ. ಸಮಯವೆಲ್ಲ ಗ್ರೀನಿಚ್ ಲೆಕ್ಕದಲ್ಲಿರುವುದರಿಂದ ಐದೂವರೆ ಗಂಟೆ ಕೂಡಿಸುವುದನ್ನು ಮರೆಯಬೇಡಿ; ಮೊದಲ ಸಲ ಬಹುತೇಕ ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ.

ಅಭ್ಯಾಸಕ್ಕೆ 2024ರ ಮೇ 10ರ ದತ್ತಾಂಶ ತೆಗೆದುಕೊಳ್ಳಿ. ವೇಗ ಜಿಗಿದ ನಿಮಿಷ ಗುರುತಿಸಿ, ಜಿಗಿದ ನಂತರದ ವೇಗದಿಂದ 15 ಲಕ್ಷವನ್ನು ಭಾಗಿಸಿ, ಭೂಮಿಗೆ ಯಾವಾಗ ತಾಗಬೇಕೆಂದು ಬರೆದಿಟ್ಟುಕೊಳ್ಳಿ. ಆಮೇಲೆ ನೆಲದ ಕಾಂತಮಾಪಕದ ದಾಖಲೆ ತೆರೆದು ನೋಡಿ. ನಿಮ್ಮ ಉತ್ತರ ಕೆಲವು ನಿಮಿಷ ತಪ್ಪಿರುತ್ತದೆ. ಆ ನಿಮಿಷಗಳು ಎಲ್ಲಿ ಹೋದವೆಂದು ಹುಡುಕತೊಡಗಿದರೆ ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಸಾಕಾಗುವಷ್ಟು ಕೆಲಸ ಅಲ್ಲಿದೆ.